ಯಾರ ಸರದಿ, ಯಾವ ದಿಕ್ಕು

ಒಬ್ಬರು ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಣ್ಣನ ಮಗಳು. 5ಜಿ ಬೇಸ್ ಸ್ಟೇಷನ್ನಿನ ಶೆಡ್ಯೂಲರ್ ಮೇಲೆ ಕೆಲಸ ಮಾಡುವವಳು.

— ನಮ್ಮ ಕಾಲದ ಲೆಕ್ಕ ಸರಳವಾಗಿತ್ತಮ್ಮ. ಮನೇಲಿ ರಿಸೀವರ್ ಎತ್ತಿ ನಂಬರ್ ತಿರುಗಿಸಿದ್ರೆ ಎಕ್ಸ್‌ಚೇಂಜಲ್ಲಿ ಸೆಲೆಕ್ಟರ್ ಕಟಕಟ ಅಂತ ಮೇಲಕ್ಕೆ ಹತ್ತಿ, ಅಡ್ಡಕ್ಕೆ ತಿರುಗಿ, ಖಾಲಿ ಲೈನ್ ಹಿಡೀತಿತ್ತು. ಸಿಕ್ಕಿತು ಅಂದ್ರೆ ಮಾತು ಮುಗಿದು ರಿಸೀವರ್ ಇಡೋವರೆಗೂ ಆ ದಾರಿ ನಿನ್ನದೇ. ಸಿಗದಿದ್ರೆ ಎಂಗೇಜ್ಡ್ ಟೋನ್. ಎಷ್ಟು ಟ್ರಂಕ್ ಲೈನ್ ಹಾಕಬೇಕು ಅನ್ನೋದಕ್ಕೆ ಎರ್ಲಾಂಗ್ ಅನ್ನೋ ಗಣಿತಜ್ಞ 1917ರಲ್ಲೇ ಸೂತ್ರ ಕೊಟ್ಟಿದ್ದ. ನೀನು ಹೇಳೋದು ಕೇಳಿದ್ರೆ ಈಗ ಯಾರಿಗೂ ತಮ್ಮದು ಅಂತ ಒಂದು ದಾರಿಯೇ ಇಲ್ಲ. ಹಾಗಾದ್ರೆ ನಿಮ್ಮ ಶೆಡ್ಯೂಲರ್ ದಿನವಿಡೀ ಹಂಚೋದು ಏನನ್ನ?

— ಸರದಿಯನ್ನ, ಚಿಕ್ಕಪ್ಪ. 3.5 ಗಿಗಾಹರ್ಟ್ಸ್ ಆಸುಪಾಸಿನ 5ಜಿಯಲ್ಲಿ ಒಂದು ಸ್ಲಾಟ್ ಅಂದ್ರೆ ಅರ್ಧ ಮಿಲಿಸೆಕೆಂಡ್. ಸೆಕೆಂಡಿಗೆ 2000 ಸ್ಲಾಟ್. 100 ಮೆಗಾಹರ್ಟ್ಸ್ ಇದ್ರೆ ಆ ಅಗಲವನ್ನ 273 ತುಂಡು ಮಾಡಿರ್ತೀವಿ. ಈ ಸ್ಲಾಟಲ್ಲಿ ಯಾವ ತುಂಡು ಯಾರಿಗೆ ಅನ್ನೋದನ್ನ ತೀರ್ಮಾನಿಸಬೇಕು. ಅರ್ಧ ಮಿಲಿಸೆಕೆಂಡ್ ಕಳೆದ್ರೆ ಮತ್ತೆ ಮೊದಲಿಂದ. ನಿಮ್ಮ ಸೆಲೆಕ್ಟರ್ ಒಂದು ಸಲ ಲೈನ್ ಹಿಡಿದು ಹತ್ತು ನಿಮಿಷ ಸುಮ್ಮನೆ ನಿಂತಿರ್ತಿತ್ತು. ನಮ್ಮದಕ್ಕೆ ಆ ಬಿಡುವಿಲ್ಲ. ಕಾಲ, ಆವರ್ತನ ಇವೆರಡನ್ನ ಹಂಚೋದು 4ಜಿಯಲ್ಲೂ ಇತ್ತು. ಈಗ ದೊಡ್ಡದಾಗಿ ಬಂದು ಸೇರಿರೋದು ಮೂರನೇದು, ದಿಕ್ಕು.

— ದಿಕ್ಕನ್ನ ಹಂಚೋದು ಅಂದ್ರೇನು? ಟವರ್ ಮೇಲೆ ಮೂರು ಆಂಟೆನಾ ಮೂರು ಕಡೆಗೆ ಮುಖ ಮಾಡಿ ಕೂರಿಸೋದು ಹಳೇ ಪದ್ಧತಿ ತಾನೆ?

— ಅದು ಕೂರಿಸಿದ ಮೇಲೆ ಹಾಗೇ ಇರುತ್ತೆ. ಈಗಿನದು ಪ್ರತಿ ಸ್ಲಾಟಿಗೂ ದಿಕ್ಕು ಬದಲಿಸುತ್ತೆ, ಆಂಟೆನಾ ಅಲ್ಲಾಡದೆ. ಟವರ್ ಮೇಲೆ ಚಪ್ಪಟೆಯಾದ ಪೆಟ್ಟಿಗೆ ನೋಡಿರ್ತೀರಲ್ಲ, ಅದರೊಳಗೆ ಅಡ್ಡಕ್ಕೆ 8, ಉದ್ದಕ್ಕೆ 12 ಸಾಲು, ಪ್ರತಿ ಜಾಗದಲ್ಲೂ ಓರೆಯಾಗಿ ಒಂದಕ್ಕೊಂದು ಅಡ್ಡ ಹಾಕಿದ ಎರಡು ಪುಟ್ಟ ಆಂಟೆನಾ. ಒಟ್ಟು 192. ಮೂರು ಮೂರನ್ನ ಒಂದಕ್ಕೆ ಜೋಡಿಸಿ 64 ಗುಂಪು ಮಾಡಿ, ಪ್ರತಿ ಗುಂಪಿಗೂ ಬೇರೆ ಬೇರೆಯಾಗಿ ಸಿಗ್ನಲ್ ಕೊಡ್ತಾರೆ. 3.5 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಸುಮಾರು 8.6 ಸೆಂಟಿಮೀಟರ್; ಅಡ್ಡಕ್ಕೆ ಅರ್ಧ ತರಂಗಕ್ಕೆ ಒಂದರಂತೆ ಇಟ್ಟರೂ ಒಬ್ಬರೇ ತಬ್ಬಿ ಹಿಡಿಯೋ ಅಗಲದಲ್ಲಿ ಎಲ್ಲ ಕೂತುಬಿಡುತ್ತೆ. ಇನ್ನು ಬೀಮ್ ಹೇಗೆ ಹುಟ್ಟುತ್ತೆ ಅಂದ್ರೆ, ತೇರು ಎಳೆಯೋರನ್ನ ನೆನೆಸಿಕೊಳ್ಳಿ. ಕೂಗಿಗೆ ಸರಿಯಾಗಿ ಎಲ್ಲರೂ ಒಟ್ಟಿಗೆ ಜಗ್ಗಿದ್ರೆ ತೇರು ಹೊರಡುತ್ತೆ, ಒಬ್ಬೊಬ್ಬರು ಒಂದೊಂದು ಗಳಿಗೆಗೆ ಜಗ್ಗಿದ್ರೆ ಅಲ್ಲೇ ನಿಲ್ಲುತ್ತೆ. 64 ಗುಂಪುಗಳಿಂದ ಹೊರಟ ಅಲೆ ಒಂದು ದಿಕ್ಕಲ್ಲಿರೋ ಫೋನನ್ನ ಏಕಕಾಲಕ್ಕೆ ಮುಟ್ಟೋ ಹಾಗೆ ಪ್ರತಿಯೊಂದನ್ನೂ ಚೂರು ಮುಂದೆ ಹಿಂದೆ ಮಾಡಿದ್ರೆ ಅಲ್ಲಿ ಬಲ ಕೂಡುತ್ತೆ, ಉಳಿದ ಕಡೆ ಒಂದನ್ನೊಂದು ಕಳೆಯುತ್ತೆ. ಹೀಗೆ ಒಂದೇ ಪೆಟ್ಟಿಗೆಯಿಂದ ಒಂದೇ ಹೊತ್ತಲ್ಲಿ, ಒಂದೇ ಆವರ್ತನದಲ್ಲಿ, ಎಂಟು ಜನಕ್ಕೆ ಎಂಟು ಬೇರೆ ಬೇರೆ ಮಾತು ಕಳಿಸಬಹುದು.

— ಇದಕ್ಕೆಲ್ಲ ಮೂಲ ಪೌಲ್‌ರಾಜ್ ಅಂತಾರಲ್ಲ, ಬಿಇಎಲ್‌ನಲ್ಲಿ ಇದ್ದವರು?

— ಮೂಲಗಳಲ್ಲಿ ಅದೊಂದು, ಬಹಳ ದೊಡ್ಡದು. ಆರೋಗ್ಯಸ್ವಾಮಿ ಪೌಲ್‌ರಾಜ್ ನೌಕಾಪಡೆಯಲ್ಲಿ ಸೋನಾರ್ ಕಟ್ಟಿದವರು. ಬೆಂಗಳೂರಲ್ಲಿ ಬಿಇಎಲ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯ, ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ, ಎರಡಕ್ಕೂ ಅವರ ದುಡಿಮೆ ಸಂದಿದೆ. ಆಮೇಲೆ ಸ್ಟಾನ್‌ಫರ್ಡ್‌ಗೆ ಹೋದ್ರು. ಒಂದೇ ಆವರ್ತನದಲ್ಲಿ ಹಲವು ಆಂಟೆನಾದಿಂದ ಹಲವು ಬೇರೆ ಪ್ರವಾಹ ಕಳಿಸಿ ಬಿಡಿಸಿಕೊಳ್ಳಬಹುದು ಅನ್ನೋ ಪೇಟೆಂಟ್ ಅವರಿಗೂ ಥಾಮಸ್ ಕೈಲಾತ್‌ಗೂ 1994ರಲ್ಲಿ ಸಿಕ್ಕಿತು. ಬೇಸ್ ಸ್ಟೇಷನ್ನಿಗೆ ಆಂಟೆನಾಗಳನ್ನ ಲೆಕ್ಕವಿಲ್ಲದಷ್ಟು ಹೆಚ್ಚಿಸುತ್ತ ಹೋದ್ರೆ ಏನಾಗುತ್ತೆ ಅಂತ ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ ಕೇಳಿದ್ದು 2010ರಲ್ಲಿ. ಟವರ್ ಮೇಲಿನ ಆ ಪೆಟ್ಟಿಗೆ ಆ ಪ್ರಶ್ನೆಯ ಮಗು.

— ಸರಿ. ಎಂಟು ಜನಕ್ಕೆ ಒಂದೇ ಸಲ ಕೊಡಬಹುದು ಅಂದ್ರೆ ಎಂಟು ಪಟ್ಟು ಲಾಭ ಆಯ್ತು. ಕಷ್ಟ ಎಲ್ಲಿ ಬಂತು?

— ಯಾವ ಎಂಟು ಜನ ಅನ್ನೋದರಲ್ಲಿ. ಬಸವನಗುಡಿ ಕಡಲೆಕಾಯಿ ಪರಿಷೆ ತಗೊಳ್ಳಿ. ಕಾರ್ತಿಕದ ಕೊನೇ ಸೋಮವಾರ, ಬುಲ್ ಟೆಂಪಲ್ ರಸ್ತೆ ತುಂಬ ಜನ. ರಸ್ತೆಯ ಒಂದು ತುದೀಲಿ ಟವರ್ ಇದೆ ಅಂತ ಇಟ್ಕೊಳ್ಳಿ. ಅಡ್ಡಕ್ಕೆ ಎಂಟು ಸಾಲು ಆಂಟೆನಾ ಇದ್ರೆ ಬೀಮಿನ ಅಗಲ ಸುಮಾರು 13 ಡಿಗ್ರಿ ಬರುತ್ತೆ. 300 ಮೀಟರ್ ದೂರದಲ್ಲಿ ಅದು 65 ಮೀಟರಿಗೂ ಸ್ವಲ್ಪ ಹೆಚ್ಚು ಹರಡಿರುತ್ತೆ. ರಸ್ತೆ ಅಷ್ಟು ಅಗಲ ಇಲ್ಲವಲ್ಲ! ರಾಶಿ ಹಾಕಿ ಕೂತಿರೋ ವ್ಯಾಪಾರಿ, ಪಕ್ಕದ ತಿರುಗಣಿಯ ಹತ್ತಿರ ಮಗೂನ ಹೊತ್ತು ನಿಂತ ತಂದೆ, ಫೋಟೋ ಕಳಿಸ್ತಿರೋ ಹುಡುಗಿ, ಎಲ್ಲರೂ ಟವರಿನ ಕಣ್ಣಿಗೆ ಒಂದೇ ದಿಕ್ಕು. ವ್ಯಾಪಾರಿ ಕಡೆಗೆ ಬೀಮ್ ಇಟ್ಟರೆ ಅದು ಆ ತಂದೆಯ ಫೋನಿಗೂ ಪೂರ್ತಿ ಬಡಿಯುತ್ತೆ.

— ಹತ್ತಿರದೋರು, ದೂರದೋರು ಇರ್ತಾರಲ್ಲ? ಬೀಮನ್ನ ಮೇಲೆ ಕೆಳಗೆ ಬಾಗಿಸಬಹುದಲ್ಲ?

— ಸ್ವಲ್ಪ ದೂರ ಅದು ನಡೆಯುತ್ತೆ. ಟವರ್ 25 ಮೀಟರ್ ಎತ್ತರ ಅಂದ್ರೆ 100 ಮೀಟರಲ್ಲಿರೋರು 14 ಡಿಗ್ರಿ ಕೆಳಗೆ ಕಾಣ್ತಾರೆ. 300 ಮೀಟರಿಗೆ ಅದು 5 ಡಿಗ್ರಿ, 500ಕ್ಕೆ 3 ಡಿಗ್ರಿ. ಅಲ್ಲಿಂದಾಚೆ ಜನವೆಲ್ಲ ದಿಗಂತಕ್ಕೆ ಅಂಟಿಕೊಂಡ ಹಾಗೆ. ಕಟ್ಟಡಗಳಿಗೆ ಬಡಿದು ಬರೋ ಅಲೆಗಳು ಒಬ್ಬೊಬ್ಬರಿಗೆ ಒಂದೊಂದು ಥರ ಇರ್ತವೆ, ಅದೂ ನೆರವಿಗೆ ಬರುತ್ತೆ. ಆದ್ರೆ ಟವರ್ ಎದುರಿಗೇ ಕಾಣ್ತಿರೋ ನೇರ ರಸ್ತೇಲಿ ಆ ನೆರವು ಕಡಿಮೆ. ಒಬ್ಬರ ಕಡೆ ಬೀಮ್ ಇಟ್ಟು ಪಕ್ಕದೋರ ಕಡೆ ಸೊನ್ನೆ ಬರೋ ಹಾಗೆ ಲೆಕ್ಕ ಕಟ್ಟಬಹುದು, ಕಟ್ತೀವಿ ಕೂಡ. ಆದ್ರೆ ಇಬ್ಬರೂ ಹತ್ತಿರ ಇದ್ದಷ್ಟೂ ಆ ಸೊನ್ನೆಗೆ ಬೆಲೆ ಜಾಸ್ತಿ. ಪಕ್ಕದೋರನ್ನ ತಪ್ಪಿಸೋಕೆ ಹೋಗಿ ಕೊಡಬೇಕಾದೋರಿಗೇ ಬಲ ಉಳಿಯೋದಿಲ್ಲ. ಅದಕ್ಕೇ ಯಾರಿಗೆ ಕೊಡೋದು, ಯಾವ ಬೀಮ್ ಇಡೋದು ಅನ್ನೋದು ಎರಡು ಬೇರೆ ಪ್ರಶ್ನೆ ಅಲ್ಲ. ಒಬ್ಬರ ಬೀಮ್ ಆರಿಸಿದ ಕೂಡಲೇ ಅವರ ಜತೆ ಯಾರು ಬರಬಹುದು, ಯಾರು ಬರಬಾರದು ಅನ್ನೋದೂ ತೀರ್ಮಾನ ಆಗಿಹೋಗಿರುತ್ತೆ.

— ಹಾಗಾದ್ರೆ ಎಲ್ಲ ಜೋಡಣೆಗಳನ್ನೂ ಲೆಕ್ಕ ಹಾಕಿ ಒಳ್ಳೇದನ್ನ ತೆಗೆದುಕೊಂಡ್ರೆ ಆಯ್ತು. ಕಂಪ್ಯೂಟರ್ ಇದೆಯಲ್ಲ.

— 40 ಜನರಲ್ಲಿ 8 ಜನರನ್ನ ಆರಿಸೋ ರೀತಿಗಳು 7,69,04,685. ಏಳು ಕೋಟಿ ಅರವತ್ತೊಂಬತ್ತು ಲಕ್ಷ. ಪ್ರತಿಯೊಂದಕ್ಕೂ ಬೀಮಿನ ಲೆಕ್ಕ ಬೇರೆ. ಕೈಯಲ್ಲಿರೋದು ಅರ್ಧ ಮಿಲಿಸೆಕೆಂಡ್. ಅದರಲ್ಲೂ ಒಂದು ಪಾಲು ಮಾತ್ರ ಈ ಕೆಲಸಕ್ಕೆ. ಆದ್ದರಿಂದ ಒಂದೊಂದಾಗಿ ಆರಿಸ್ತೀವಿ. ಮೊದಲು ಎಲ್ಲರಿಗಿಂತ ಯೋಗ್ಯವಾದ ಒಬ್ಬರು. ಅವರ ಚಾನೆಲ್, ಅಂದ್ರೆ ಟವರಿಂದ ಅವರಿಗೆ ಅಲೆ ತಲುಪೋ ದಾರಿ, ಅದರ ಜತೆ ತುಂಬ ಹೋಲಿಕೆ ಇರೋರನ್ನೆಲ್ಲ ಈ ಸ್ಲಾಟಿಗೆ ಪಕ್ಕಕ್ಕಿಡೋದು. ಉಳಿದೋರಲ್ಲಿ ಯೋಗ್ಯವಾದ ಇನ್ನೊಬ್ಬರು. ಮತ್ತೆ ಅದೇ. ಇದು ಕೈಗೆಟುಕಿದ್ದನ್ನ ಹಿಡಿಯೋ ದಾರಿ ಅನಿಸಬಹುದು. ಆದ್ರೆ ಟೇಸಾಂಗ್ ಯೂ, ಆಂಡ್ರಿಯಾ ಗೋಲ್ಡ್‌ಸ್ಮಿತ್ ಇಬ್ಬರೂ 2006ರಲ್ಲಿ ತೋರಿಸಿದ ಸಂಗತಿ ನನಗೆ ಇವತ್ತಿಗೂ ಹಿಡಿಸುತ್ತೆ: ಜನ ಹೆಚ್ಚಾದಷ್ಟೂ ಈ ಸರಳ ದಾರಿ ಅತ್ಯುತ್ತಮ ಉತ್ತರದ ಬೆಳವಣಿಗೆಯನ್ನೇ ಹಿಡಿಯುತ್ತೆ. ಗುಂಪು ದೊಡ್ಡದಾದ್ರೆ ಒಬ್ಬರಿಗೊಬ್ಬರು ಅಡ್ಡ ಬಾರದ ಎಂಟು ಜನ ಎಲ್ಲೋ ಒಂದು ಕಡೆ ಇದ್ದೇ ಇರ್ತಾರೆ.

— ಇದು ನನಗೆ ತಿರುಗುಮುರುಗಾಗಿ ಕೇಳಿಸ್ತಿದೆ. ನಮಗೆ ಜನ ಹೆಚ್ಚಾದ್ರೆ ಕರೆ ಕಳೆದುಹೋಗ್ತಿತ್ತು. ಬ್ಯುಸಿ ಅವರ್ ಅಂದ್ರೆ ಎದೆ ಢವಢವ. ನಿನಗೆ ಜನ ಹೆಚ್ಚಾದ್ರೆ ಅನುಕೂಲ ಅಂತೀಯ.

— ಒಟ್ಟು ಮೊತ್ತಕ್ಕೆ ಅನುಕೂಲ. ಇದನ್ನ ಮೊದಲು ಸ್ಪಷ್ಟವಾಗಿ ಹೇಳಿದ್ದು 1995ರಲ್ಲಿ ನಾಪ್, ಹಂಬ್ಲೆ ಅನ್ನೋ ಇಬ್ಬರು. ಫೋನ್ ಹಿಡಿದು ನಾಲ್ಕು ಸೆಂಟಿಮೀಟರ್ ಸರಿದ್ರೆ ಸಿಗ್ನಲ್ ಏರಬಹುದು, ಇಳಿಯಬಹುದು. ಒಬ್ಬರೇ ಇದ್ರೆ ಇಳಿದಾಗ ಕಾಯಬೇಕು. ನೂರು ಜನ ಇದ್ರೆ ಆ ಗಳಿಗೇಲಿ ಯಾರೋ ಒಬ್ಬರು ತಮ್ಮ ಏರಿನಲ್ಲಿರ್ತಾರೆ, ಅವರಿಗೆ ಕೊಟ್ಟರೆ ಸ್ಲಾಟ್ ವ್ಯರ್ಥ ಆಗೋದಿಲ್ಲ. ನಿಮ್ಮ ಕಾಲದಲ್ಲಿ ಈ ಏರಿಳಿತ, ಫೇಡಿಂಗ್, ಅಂದ್ರೆ ಶತ್ರು. ಇಲ್ಲಿ ಅದನ್ನೇ ದುಡಿಸಿಕೊಳ್ತೀವಿ. 2002ರಲ್ಲಿ ಪ್ರಮೋದ್ ವಿಶ್ವನಾಥ್, ಡೇವಿಡ್ ತ್ಸೆ, ರಾಜೀವ್ ಲರೋಯಾ ಒಂದು ಹೆಜ್ಜೆ ಮುಂದೆ ಹೋದ್ರು: ಸಿಗ್ನಲ್ ತಾನಾಗಿ ಏರಿಳೀತಿಲ್ಲ ಅಂದ್ರೆ ಬೀಮನ್ನ ಬೇಕಂತಲೇ ಅತ್ತಿತ್ತ ಆಡಿಸಿ ಏರಿಳಿತ ಹುಟ್ಟಿಸಿ ಅಂದ್ರು. ಬೀಮ್ ಯಾರನ್ನ ಮುಟ್ಟಿದೆಯೋ ಅವರು ಕೂಗ್ತಾರೆ, ಸರದಿ ಅವರಿಗೆ.

— ಹಾಗಾದ್ರೆ ಸಾವಿರ ಜನ ಇರೋ ಕಡೆ ಹತ್ತು ಲಕ್ಷ ಜನ ಬಂದ್ರೆ?

— ಅಲ್ಲೇ ಪೆಟ್ಟು ಬೀಳೋದು. 2005ರಲ್ಲಿ ಶರೀಫ್, ಹಸೀಬಿ ಹಾಕಿದ ಲೆಕ್ಕದ ಪ್ರಕಾರ ಒಟ್ಟು ಮೊತ್ತ ಆಂಟೆನಾ ಸಂಖ್ಯೆಗೆ ನೇರವಾಗಿ ಬೆಳೆಯುತ್ತೆ, ಜನಸಂಖ್ಯೆಗೆ ಮಾತ್ರ ಲಾಗರಿದಮ್ಮಿನ ಲಾಗರಿದಮ್ಮಾಗಿ. ಸಾವಿರಕ್ಕೆ ಅದು 1.93, ಹತ್ತು ಲಕ್ಷಕ್ಕೆ 2.63. ಜನ ಸಾವಿರ ಪಟ್ಟು ಆದ್ರೂ ಮೊತ್ತ ಏರಿದ್ದು ಮೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು ಅಷ್ಟೇ.

— ಅಂದ್ರೆ ಅಷ್ಟನ್ನ ಸಾವಿರ ಪಟ್ಟು ಜನ ಹಂಚಿಕೊಳ್ಳಬೇಕು. ಇದನ್ನ ಅನುಕೂಲ ಅಂತ ಕರೆಯೋದಾ?

— ಇಲ್ಲ, ಚಿಕ್ಕಪ್ಪ. ಒಟ್ಟು ಮೊತ್ತದ ಕಡೆ ಮಾತ್ರ ನೋಡೋ ಲೆಕ್ಕದಲ್ಲಿ ಜನ ಕಾಣೋದಿಲ್ಲ. ಏರಿನಲ್ಲಿರೋರಿಗೆ ಕೊಡು ಅನ್ನೋದನ್ನ ಹಾಗೇ ಪಾಲಿಸಿದ್ರೆ ಟವರ್ ಬುಡದಲ್ಲಿ ಇರೋರಿಗೇ ಎಲ್ಲ ಹೋಗುತ್ತೆ. ದೂರದೋರ ಅತಿ ಎತ್ತರದ ಏರು ಕೂಡ ಹತ್ತಿರದೋರ ತಗ್ಗಿಗೆ ಸಮ ಬರೋದಿಲ್ಲ. ಅದಕ್ಕೆ ಒಂದು ತಿದ್ದುಪಡಿ ಬಂತು. ಈಗ ಎಷ್ಟು ವೇಗ ಸಿಗಬಹುದೋ ಅದನ್ನ ಇಲ್ಲಿವರೆಗೆ ಸರಾಸರಿ ಎಷ್ಟು ಸಿಕ್ಕಿದೆಯೋ ಅದರಿಂದ ಭಾಗಿಸು. ಭಾಗಲಬ್ಧ ಯಾರದು ದೊಡ್ಡದೋ ಅವರ ಸರದಿ. ಪ್ರೊಪೋರ್ಷನಲ್ ಫೇರ್ ಅಂತೀವಿ. ಫ್ರಾಂಕ್ ಕೆಲ್ಲಿ ಅನ್ನೋ ಗಣಿತಜ್ಞರು ಈ ಬಗೆಯ ನ್ಯಾಯವನ್ನ ಸೂತ್ರಕ್ಕಿಳಿಸಿದ್ದು 1990ರ ದಶಕದ ಕೊನೇಲಿ. ಸಿಡಿಎಂಎ ಡೇಟಾ ಜಾಲಕ್ಕೆ ಕ್ವಾಲ್‌ಕಾಮ್‌ನವರು ಇದನ್ನ ಇಳಿಸಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಹತ್ತಿರದೋರಿಗೆ ಈಗ 100 ಸಿಗಬಹುದು, ಸರಾಸರಿ 80 ಸಿಕ್ಕಿದೆ: 1.25. ದೂರದೋರಿಗೆ ಈಗ 6 ಸಿಗಬಹುದು, ಸಿಕ್ಕಿರೋದು 4: 1.5. ಸರದಿ ದೂರದೋರಿಗೆ. ಛೇದದಲ್ಲಿ ಆ ಸರಾಸರಿ ಕೂತಿರೋದರಿಂದಲೇ ಯಂತ್ರಕ್ಕೆ ನೆನಪು ಅಂತ ಒಂದು ಬಂತು. ಎಷ್ಟು ಹೊತ್ತಿನ ಸರಾಸರಿ ಅನ್ನೋದನ್ನ ನಾವು ಇಡ್ತೀವಿ. ನೆನಪು ಚಿಕ್ಕದಾದ್ರೆ ಎಲ್ಲರಿಗೂ ಬೇಗ ಬೇಗ ಸರದಿ ಬರುತ್ತೆ, ಆದ್ರೆ ಅವರವರ ಏರಿಗೆ ಕಾಯೋ ತಾಳ್ಮೆ ಹೋಗುತ್ತೆ. ದೊಡ್ಡದಾದ್ರೆ ಏರಿಗೆ ಕಾಯಬಹುದು, ಆದ್ರೆ ಅಲ್ಲಿವರೆಗೆ ಆ ಫೋನಲ್ಲಿ ವಿಡಿಯೋ ನಿಂತೇ ಹೋಗಿರುತ್ತೆ.

— ಇದರಿಂದ ಎಲ್ಲರಿಗೂ ಒಂದೇ ವೇಗ ಸಿಗುತ್ತಾ?

— ಇಲ್ಲ. ಎಲ್ಲರಿಗೂ ಸುಮಾರಾಗಿ ಒಂದೇ ಸಮಯ ಸಿಗುತ್ತೆ. ಇಬ್ಬರೇ ಇದ್ದಾರೆ, ಒಬ್ಬರಿಗೆ 100, ಇನ್ನೊಬ್ಬರಿಗೆ 5 ಅಂದ್ರೆ ಅರ್ಧ ಅರ್ಧ ಕಾಲ ಹಂಚಿದಾಗ 50 ಮತ್ತು 2.5. ಒಂದೇ ವೇಗ ಬೇಕು ಅಂದ್ರೆ ದೂರದೋರಿಗೆ 21ರಲ್ಲಿ 20 ಪಾಲು ಕಾಲ ಕೊಡಬೇಕು. ಆಗ ಇಬ್ಬರಿಗೂ 4.76. ಒಬ್ಬರು 50ರಿಂದ ಬಿದ್ದಿದ್ದು, ಇನ್ನೊಬ್ಬರು 2.5ರಿಂದ ಎದ್ದಿದ್ದು ಅಲ್ಲಿಗೆ.

— ಆ ಎದ್ದೋನಿಗೆ ಅದು ಹೆಚ್ಚುಕಡಿಮೆ ದುಪ್ಪಟ್ಟು. ಅವನನ್ನ ಕೇಳಿ ನೋಡು.

— ಕೇಳ್ತೀನಿ. ಅದಕ್ಕೇ ಇದು ಭೌತಶಾಸ್ತ್ರದ ಪ್ರಶ್ನೆ ಅಲ್ಲ ಅನ್ನೋದು. ಸಾಧ್ಯವಾಗೋ ಹಂಚಿಕೆಗಳು ಯಾವುವು ಅಂತ ಭೌತಶಾಸ್ತ್ರ ಹೇಳುತ್ತೆ. ಅವುಗಳಲ್ಲಿ ಒಂದನ್ನ ಆರಿಸೋದು ಸೂತ್ರ ಬರೆದೋರು. ಪ್ರೊಪೋರ್ಷನಲ್ ಫೇರ್‌ಗೆ ಯಾರ ವೇಗ ದುಪ್ಪಟ್ಟಾದ್ರೂ ಒಂದೇ ತೂಕ. 50 ಹೋಗಿ 100 ಆದ್ರೂ ಅಷ್ಟೇ, 2.5 ಹೋಗಿ 5 ಆದ್ರೂ ಅಷ್ಟೇ. ಅದು ಒಂದು ನಿಲುವು. ನನ್ನ ಮಟ್ಟಿಗೆ ಒಳ್ಳೇ ನಿಲುವು, ಆದ್ರೆ ನಿಲುವೇ. ಇನ್ನು ದಿಕ್ಕು ಬಂದ ಮೇಲೆ ಇದಕ್ಕೆ ಹೊಸ ತೊಡಕು ಸೇರಿದೆ. ಒಂಟಿ ಆಂಟೆನಾ ಇದ್ದಾಗ ನಿಮ್ಮ ವೇಗ ನಿಮ್ಮ ಸಿಗ್ನಲ್ ಮೇಲೆ ನಿಂತಿತ್ತು. ಈಗ ಜತೆಗೆ ಯಾರನ್ನ ಆರಿಸಿದ್ದೀವಿ ಅನ್ನೋದರ ಮೇಲೂ ನಿಂತಿದೆ. ಪರಿಷೆ ರಸ್ತೆಯ ಜನ ಒಂದು ದಿಕ್ಕಲ್ಲಿ ಇನ್ನೂರು ಮಂದಿ. ಟವರಿನ ಎಡಕ್ಕೆ ಯಾವುದೋ ಮನೆ ಮಹಡಿ ಮೇಲೆ ಒಬ್ಬರೇ ಇದ್ದಾರೆ. ರಸ್ತೆಯೋರಲ್ಲಿ ಯಾರನ್ನ ಆರಿಸಿದ್ರೂ ಅವರ ಜತೆಗೆ ಮಹಡಿಯೋರನ್ನ ಸೇರಿಸಬಹುದು, ಯಾರಿಗೂ ಅಡ್ಡಿ ಇಲ್ಲ. ಅವರಿಗೆ ಮತ್ತೆ ಮತ್ತೆ ಜಾಗ ಸಿಗುತ್ತೆ. ರಸ್ತೆಯೋರು ತಮ್ಮ ತಮ್ಮಲ್ಲೇ ಸರದಿ ಕಾಯಬೇಕು. ಇಬ್ಬರ ಸಿಗ್ನಲ್ಲೂ ಅಷ್ಟೇ ಚೆನ್ನಾಗಿರಬಹುದು, ಇಬ್ಬರೂ ಕೊಟ್ಟ ದುಡ್ಡೂ ಒಂದೇ ಇರಬಹುದು.

— ಅಂದ್ರೆ ಖಾಲಿ ದಿಕ್ಕಲ್ಲಿ ಇರೋದೇ ಒಂದು ಆಸ್ತಿ.

— 3.5 ಗಿಗಾಹರ್ಟ್ಸ್‌ನಲ್ಲಿ ಹೌದು. 26 ಗಿಗಾಹರ್ಟ್ಸ್‌ಗೆ ಹೋದ್ರೆ ಅದೇ ಸ್ಥಿತಿ ಬುಡಮೇಲು.

— ಆ ಬ್ಯಾಂಡ್ ನಮ್ಮಲ್ಲಿ 2022ರ ಹರಾಜಲ್ಲಿ ಮಾರಾಟ ಆಯ್ತಲ್ಲ. ಅಷ್ಟು ಮೇಲಿನ ಆವರ್ತನದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು 1895ರಲ್ಲೇ ಪ್ರಯೋಗ ಮಾಡಿ ತೋರಿಸಿದ್ರು ಅಂತ ನಾವು ಟ್ರೈನಿಂಗಲ್ಲಿ ಓದಿದ್ವಿ.

— ಮಿಲಿಮೀಟರ್ ಅಲೆಗಳ ಅಜ್ಜ ಅವರೇ. 26 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ ಒಂದು ಸೆಂಟಿಮೀಟರ್ ಚಿಲ್ಲರೆ. ಅಂಗೈ ಅಗಲದಲ್ಲಿ ನೂರಾರು ಆಂಟೆನಾ ಹಿಡಿಸಬಹುದು. ಆದ್ರೆ ಪ್ರತಿಯೊಂದಕ್ಕೂ ಬೇರೆ ಬೇರೆ ರೇಡಿಯೋ ಕೊಡೋಕೆ ದುಡ್ಡೂ ಸಾಲೋದಿಲ್ಲ, ಕರೆಂಟೂ ಸಾಲೋದಿಲ್ಲ. ಆದ್ದರಿಂದ ಒಂದು ಇಡೀ ಫಲಕಕ್ಕೆ ಒಂದೋ ಎರಡೋ ರೇಡಿಯೋ ಜೋಡಿಸಿ, ಅಲೆಯನ್ನ ಚೂರು ಮುಂದೆ ಹಿಂದೆ ಮಾಡೋ ಫೇಸ್ ಶಿಫ್ಟರ್‌ಗಳಿಂದ ಬೀಮ್ ತಿರುಗಿಸ್ತಾರೆ. ಫಲಕ ಒಂದು ಗಳಿಗೇಲಿ ನೋಡೋದು ಒಂದೇ ಕಡೆ. ಆ ಕಡೆ ಇರೋರೆಲ್ಲ ಆವರ್ತನದ ತುಂಡುಗಳನ್ನ ಹಂಚಿಕೊಳ್ಳಬಹುದು. ಬೇರೆ ದಿಕ್ಕಲ್ಲಿರೋರಿಗೆ ತುಂಡು ಖಾಲಿ ಬಿದ್ದಿದ್ರೂ ಕೊಡೋ ಹಾಗಿಲ್ಲ, ಯಾಕಂದ್ರೆ ಬೀಮ್ ಅಲ್ಲಿಲ್ಲ. ಈಗ ಯೋಚಿಸಿ: ರಸ್ತೆ ತುಂಬ ಇರೋ ಇನ್ನೂರು ಜನರ ಕಡೆ ತಿರುಗಿದ್ರೆ ಸ್ಲಾಟ್ ತುಂಬುತ್ತೆ. ಮಹಡಿ ಮೇಲಿನ ಒಬ್ಬರ ಕಡೆ ತಿರುಗಿದ್ರೆ, ಅವರಿಗೆ ಬೇಕಾಗಿದ್ದು ಒಂದು ಸಣ್ಣ ಮೆಸೇಜಾದ್ರೂ ಇಡೀ ಸ್ಲಾಟ್ ಅವರಿಗೇ ಹೋಯ್ತು. ಇಲ್ಲಿ ಗುಂಪಲ್ಲಿರೋದು ಲಾಭ, ಒಂಟಿಯಾಗಿರೋದು ನಷ್ಟ.

— ಬೀಮ್ ಎಲ್ಲಿ ತಿರುಗಿಸಬೇಕು ಅಂತ ಗೊತ್ತಾಗೋದು ಹೇಗೆ?

— ಟವರ್ ಒಂದಾದ ಮೇಲೊಂದು ದಿಕ್ಕಿಗೆ ಗುರುತಿನ ಸಿಗ್ನಲ್ ಕಳಿಸ್ತಾ ಹೋಗುತ್ತೆ. ಈ ಮೇಲಿನ ಬ್ಯಾಂಡಲ್ಲಿ ಹೆಚ್ಚೆಂದರೆ 64 ದಿಕ್ಕು, ಎಲ್ಲ 5 ಮಿಲಿಸೆಕೆಂಡಿನ ಒಳಗೆ. ಹೊಸದಾಗಿ ಜಾಲ ಹುಡುಕೋ ಫೋನ್ ಇದು 20 ಮಿಲಿಸೆಕೆಂಡಿಗೊಮ್ಮೆ ಬರುತ್ತೆ ಅಂತ ನಂಬಿ ಕಿವಿಗೊಡುತ್ತೆ. ಎಲ್ಲಕ್ಕಿಂತ ಜೋರಾಗಿ ಕೇಳಿಸಿದ್ದರ ನಂಬರ್ ಹಿಂದಕ್ಕೆ ತಿಳಿಸುತ್ತೆ. ಒಬ್ಬರು ಮಧ್ಯೆ ಬಂದು ನಿಂತ್ರೆ ಆ ಬೀಮ್ ಸತ್ತ ಹಾಗೆ. ಗೋಡೆಗೆ ಬಡಿದು ಬರೋ ಇನ್ನೊಂದು ಬೀಮನ್ನ ತಕ್ಷಣ ಹುಡುಕಬೇಕು. ಅದರ ವಿವರ ಬೇಡ ಬಿಡಿ. ನನ್ನನ್ನ ಕಾಡೋದು ಕೆಳಗಿನ 3.5 ಗಿಗಾಹರ್ಟ್ಸ್ ಬ್ಯಾಂಡ್, ಯಾಕಂದ್ರೆ ಹಳ್ಳಿಗಾಡಿನ ತನಕ ಹೋಗೋದು ಅದು. ಅಲ್ಲಿ ಬೀಮನ್ನ ಚೂಪಾಗಿ ಕಟ್ಟಬೇಕಾದ್ರೆ ಟವರ್‌ಗೆ ಆ ಫೋನಿನ ಚಾನೆಲ್ ಸರಿಯಾಗಿ ಗೊತ್ತಿರಬೇಕು. ಅದಕ್ಕೆ ಫೋನ್ ಆಗಾಗ ಸೌಂಡಿಂಗ್ ಸಿಗ್ನಲ್ ಕಳಿಸುತ್ತೆ. ಹೋಗೋದೂ ಬರೋದೂ ಒಂದೇ ಆವರ್ತನದಲ್ಲಿ ಇರೋದರಿಂದ ಬಂದ ದಾರಿಯನ್ನ ಅಳೆದ್ರೆ ಹೋಗೋ ದಾರಿ ತಿಳಿಯುತ್ತೆ. ಟವರ್ ನೂರಾರು ವ್ಯಾಟ್ ಕಳಿಸಬಹುದು. ಸಾಮಾನ್ಯ ಫೋನಿನ ಮಿತಿ 200 ಮಿಲಿವ್ಯಾಟ್. ಅಷ್ಟನ್ನೇ ಇಡೀ 100 ಮೆಗಾಹರ್ಟ್ಸ್ ಮೇಲೆ ಹರಡಿದ್ರೆ ದೂರದ ಫೋನಿನ ಧ್ವನಿ ಗದ್ದಲದಲ್ಲಿ ಮುಳುಗಿಹೋಗುತ್ತೆ. ಅಳತೆ ಕೈಗೆ ಬರೋದಿಲ್ಲ. ಅಳತೆ ಇಲ್ಲದೋರನ್ನ ಎಂಟು ಜನರ ಗುಂಪಿಗೆ ಸೇರಿಸೋಕೆ ಶೆಡ್ಯೂಲರ್ ಹೆದರುತ್ತೆ; ಅವರ ಬೀಮ್ ತಪ್ಪಿದ್ರೆ ಉಳಿದ ಏಳು ಜನಕ್ಕೂ ಕೆಡುತ್ತೆ. ಅವರಿಗೆ ಮೊದಲೇ ಸಿದ್ಧವಾಗಿರೋ ಅಗಲದ ಬೀಮು, ಒಂಟಿ ಸರದಿ. ಬಸ್ಸಲ್ಲಿ ಹೋಗೋರದೂ ಹೆಚ್ಚುಕಡಿಮೆ ಇದೇ ಪಾಡು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡೂವರೆ ಮಿಲಿಸೆಕೆಂಡಿಗೆ ಅರ್ಧ ತರಂಗದಷ್ಟು ದೂರ ದಾಟಿರ್ತಾರೆ, ಅಷ್ಟರಲ್ಲಿ ಅಳತೆ ಹಳತಾಗಿರುತ್ತೆ.

— ನಿಲ್ಲು, ನಿಲ್ಲು. ನೀನು ಆಗ ಹೇಳಿದ ಭಾಗಾಕಾರ ಇದೆಯಲ್ಲ, ಸಿಕ್ಕಿದ್ದು ಕಡಿಮೆ ಇದ್ರೆ ಸರದಿ ಬೇಗ ಅಂತ. ಅದು ಇವರನ್ನ ಕಾಪಾಡೋದಿಲ್ವಾ?

— ಸಮಯ ಕೊಡಿಸುತ್ತೆ. ಆದ್ರೆ ಬೀಮ್ ಕೊಡಿಸೋಕೆ ಅದರಿಂದ ಆಗೋದಿಲ್ಲ. ಅಂಶದಲ್ಲಿರೋ ಸಂಖ್ಯೆ, ಅಂದ್ರೆ ಈಗ ಎಷ್ಟು ಸಿಗಬಹುದು ಅನ್ನೋದು, ಅವರಿಗೆ ಅಗಲದ ಬೀಮಿನ ಲೆಕ್ಕದ್ದು. ಚೂಪು ಬೀಮ್ ಇಟ್ಟಿದ್ರೆ ಎಷ್ಟು ಸಿಗ್ತಿತ್ತು ಅನ್ನೋದು ಸೂತ್ರದೊಳಕ್ಕೇ ಬರೋದಿಲ್ಲ. ನ್ಯಾಯದ ಸೂತ್ರ ಕೆಲಸ ಶುರು ಮಾಡೋ ಹೊತ್ತಿಗೆ ಪಟ್ಟಿ ತಯಾರಾಗಿರುತ್ತೆ, ಆ ಪಟ್ಟಿ ಮಾಡಿದ್ದು ಅಳತೆ. ಯಾರನ್ನ ಅಳೆದಿದ್ದೀವೋ ಅವರ ಮಧ್ಯೆ ಮಾತ್ರ ನಾವು ನ್ಯಾಯ ಮಾಡ್ತಿದ್ದೀವಿ. ಇದನ್ನ ನಾನು ನಮ್ಮ ರಿವ್ಯೂಗಳಲ್ಲಿ ಮತ್ತೆ ಮತ್ತೆ ಹೇಳ್ತೀನಿ.

— ಇದರ ಬಗ್ಗೆ ಸ್ಟ್ಯಾಂಡರ್ಡ್ ಏನು ಹೇಳುತ್ತೆ?

— ಫೋನ್ ಏನು ಅಳೆದು ಹೇಗೆ ತಿಳಿಸಬೇಕು, ಟವರ್ ಯಾವ ರೂಪದಲ್ಲಿ ಆಜ್ಞೆ ಕಳಿಸಬೇಕು ಅನ್ನೋದನ್ನ ಸ್ಟ್ಯಾಂಡರ್ಡ್ ಬರೆಯೋ ಸಂಸ್ಥೆ 3ಜಿಪಿಪಿ ಕೂದಲು ಸೀಳಿ ಬರೆದಿದೆ. ಸರದಿ ಯಾರಿಗೆ ಅನ್ನೋದನ್ನ ಬರೆದಿಲ್ಲ. ಅದು ತಯಾರಕರಿಗೆ ಬಿಟ್ಟಿದ್ದು. ಪೈಪೋಟಿ ಇರೋದೇ ಅಲ್ಲಿ, ಆದ್ದರಿಂದ ಯಾರೂ ಬಿಚ್ಚಿ ತೋರಿಸೋದಿಲ್ಲ.

— ಹಾಗಾದ್ರೆ ನಾವು ಬಿಟ್ಟುಬಂದ ಕಡೆಗೇ ನೀವು ವಾಪಸ್ ಹೋಗಿದ್ದೀರಿ. ನಮ್ಮ ಸ್ಟ್ರೋಜರ್ ಎಕ್ಸ್‌ಚೇಂಜ್ ಯಾಕೆ ಹುಟ್ಟಿತು ಗೊತ್ತಾ? ನಾವು ನಮ್ಮ ದೂರವಾಣಿನಗರದ ಐಟಿಐನಲ್ಲಿ ತಯಾರಾಗ್ತಿದ್ದ ಎಕ್ಸ್‌ಚೇಂಜ್ ಅಂತ ಬಳಸ್ತಿದ್ವಿ, ಆದ್ರೆ ಆ ಹೆಸರಿನ ಮನುಷ್ಯ ಅಮೆರಿಕದ ಕಾನ್ಸಸ್ ಸಿಟಿಯೋನು, ಹೆಣ ಸಾಗಿಸೋ ವ್ಯವಸ್ಥೆ ಮಾಡೋ ವ್ಯಾಪಾರ. ಸತ್ತೋರ ಮನೆಯೋರು ತನಗೆ ಮಾಡಿದ ಕರೆಗಳನ್ನ ಆಪರೇಟರ್ ಇನ್ನೊಬ್ಬ ವ್ಯಾಪಾರಿಗೆ ಜೋಡಿಸ್ತಿದ್ದಾರೆ ಅನ್ನೋ ಗುಮಾನಿ ಅವನಿಗೆ ಬಂದಿತ್ತಂತೆ. ಯಾರಿಗೆ ಲೈನ್ ಕೊಡಬೇಕು ಅನ್ನೋದು ಮನುಷ್ಯರ ಇಚ್ಛೆಗೆ ಬಿಡಬಾರದು ಅಂತ ಸ್ವಯಂಚಾಲಿತ ಎಕ್ಸ್‌ಚೇಂಜ್ ಕಂಡುಹಿಡಿದ, 1891ರಲ್ಲಿ ಪೇಟೆಂಟ್ ಸಿಕ್ಕಿತು. ಆ ಯಂತ್ರಕ್ಕೆ ಯಾರ ಮುಖವೂ ಗೊತ್ತಿರಲಿಲ್ಲ. ಬ್ಯುಸಿ ಅವರಲ್ಲಿ ನೂರು ಕರೆಗೆ ಎಷ್ಟು ಕಳೆದುಹೋಗಬಹುದು ಅನ್ನೋದು ಕಾಗದದ ಮೇಲಿರ್ತಿತ್ತು, ಯಾವ ಇಂಜಿನಿಯರ್ ಬೇಕಾದ್ರೂ ಅಳೆದು ನೋಡಬಹುದಿತ್ತು. ನಿಮ್ಮ ಶೆಡ್ಯೂಲರ್ ಮತ್ತೆ ಆಪರೇಟರ್ ಕುರ್ಚೀಲಿ ಕೂತಿದೆ, ಸೆಕೆಂಡಿಗೆ 2000 ಸಲ ತೀರ್ಮಾನ ಮಾಡುತ್ತೆ, ಕೇಳೋರಿಲ್ಲ.

— ಯಾರದೋ ಕಡೆ ವಾಲಬೇಕು ಅನ್ನೋ ಉದ್ದೇಶ ಇದಕ್ಕಿಲ್ಲ, ಚಿಕ್ಕಪ್ಪ. ಆದ್ರೂ ನೀವು ಹೇಳಿದ್ದನ್ನ ನಾನು ತಳ್ಳಿಹಾಕೋದಿಲ್ಲ. ಉದ್ದೇಶ ಇಲ್ಲದೆಯೂ ವಾಲಬಹುದು. ಹೊರಗಿನಿಂದ ಅಳೆಯೋ ಒಂದು ಗೋಲು ಇದೆ. ಜಾಗತಿಕ ದೂರಸಂಪರ್ಕ ಸಂಸ್ಥೆ ಐಟಿಯು 2017ರಲ್ಲಿ 5ಜಿಗೆ ಬರೆದ ಅರ್ಹತೆಗಳಲ್ಲಿ ಸರಾಸರಿ ಒಂದೇ ಇಲ್ಲ, ನೂರರಲ್ಲಿ ಅತಿ ಹಿಂದಿರೋ ಐವರ ಗಡಿಯೂ ಇದೆ. ದಟ್ಟ ನಗರದಲ್ಲಿ ಆ ಗಡಿ ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ 0.225 ಬಿಟ್, ಗ್ರಾಮೀಣ ಪ್ರದೇಶದಲ್ಲಿ 0.12. ತಂತ್ರಜ್ಞಾನ ಅರ್ಹವೋ ಅಲ್ಲವೋ ಅಂತ ನೋಡೋ ಅಳತೆ ಇದು. ಯಾವುದೋ ಊರಿನ ಒಂದು ಟವರ್ ಕೆಳಗೆ ಕೂತೋರಿಗೆ ಕೊಟ್ಟ ಭರವಸೆ ಅಲ್ಲ.

— ಹಳ್ಳಿಯೋರ ಗಡಿಯನ್ನ ಕಾಗದದ ಮೇಲೇ ಅರ್ಧಕ್ಕೆ ಇಟ್ಟಿದ್ದಾರೆ.

— ದೂರ ಹೆಚ್ಚು, ಟವರ್ ಕಡಿಮೆ ಅನ್ನೋ ಲೆಕ್ಕದ ಮೇಲೆ. ಕಾರಣ ನಿಜ. ಹಾಗಂತ ನಾವು ಮಾಡಬಹುದಾದ್ದನ್ನ ಮಾಡಿ ಮುಗಿಸಿದ್ದೀವಿ ಅನ್ನೋಕೆ ಆಗೋದಿಲ್ಲ.

— ಮಾಡಬಹುದಾದ್ದು ಏನಿದೆ ಹೇಳು. ದೂರದ ಫೋನಿನ ಧ್ವನಿ ಕೇಳಿಸೋದಿಲ್ಲ ಅಂದೆ. ಧ್ವನಿ ಹೆಚ್ಚಿಸೋ ಹಾಗಿಲ್ಲ.

— ಹೆಚ್ಚಿಸೋ ಹಾಗಿಲ್ಲ, ಒಟ್ಟುಮಾಡಬಹುದು. ಸೌಂಡಿಂಗ್ ಸಿಗ್ನಲನ್ನ ಒಂದೇ ಏಟಿಗೆ 272 ತುಂಡುಗಳ ಮೇಲೆ ಹರಡೋ ಬದಲು, ಒಂದು ಸಲಕ್ಕೆ 16 ತುಂಡು ಮಾತ್ರ. ಅದೇ 200 ಮಿಲಿವ್ಯಾಟ್ ಈಗ ಪ್ರತಿ ತುಂಡಿನ ಮೇಲೂ 17 ಪಟ್ಟು ಗಟ್ಟಿಯಾಗಿ ಬೀಳುತ್ತೆ. ಮುಂದಿನ ಸಲ ಪಕ್ಕದ 16, ಆಮೇಲೆ ಅದರ ಪಕ್ಕದ್ದು. 17 ಹೆಜ್ಜೆಗೆ ಇಡೀ ಅಗಲ ಮುಗಿಯುತ್ತೆ. ಹೆಜ್ಜೆಗೆ 10 ಮಿಲಿಸೆಕೆಂಡ್ ಅಂತ ಹಿಡಿದ್ರೆ 170 ಮಿಲಿಸೆಕೆಂಡ್.

— ಬಸ್ಸಲ್ಲಿ ಇರೋನಿಗೆ ಅಷ್ಟು ಹೊತ್ತಿಗೆ ಎಲ್ಲ ಬದಲಾಗಿರುತ್ತೆ ಅಂದ್ಯಲ್ಲ.

— ಬಸ್ಸಲ್ಲಿ ಇರೋರಿಗೆ ಇದು ಆಗೋದಿಲ್ಲ, ನಿಜ. ಆದ್ರೆ ಸೆಲ್ಲಿನ ಅಂಚಲ್ಲಿ ಸಿಗ್ನಲ್ಲಿಗೆ ಒದ್ದಾಡೋರಲ್ಲಿ ಎಷ್ಟೋ ಜನ ಕೂತಲ್ಲೇ ಇರ್ತಾರೆ. ತೀರ್ಥಹಳ್ಳಿ ಕಡೆ ಒಂದು ತೋಟದ ಮನೆ, ಜಗಲಿ ಮೇಲೆ ಫೋನ್ ಇಟ್ಟುಕೊಂಡು ಹುಡುಗಿ ಪಾಠ ಕೇಳ್ತಿದ್ದಾಳೆ ಅಂತ ಇಟ್ಕೊಳ್ಳಿ. ಅಡಿಕೆ ಸೋಗೆ ಅಲ್ಲಾಡುತ್ತೆ, ಅಷ್ಟು ಬದಲಾವಣೆ ಇರುತ್ತೆ. ಗಾಳಿ ಜೋರಾದ್ರೆ ಅಳತೆ ಕೆಡುತ್ತೆ. ಗಾಳಿ ಇಲ್ಲದ ಹೊತ್ತಲ್ಲಿ ಆ ಚಾನೆಲ್ 170 ಮಿಲಿಸೆಕೆಂಡ್ ಕಾಯುತ್ತೆ. ಯಾರು ಕೂತಿದ್ದಾರೆ, ಯಾರು ಓಡ್ತಿದ್ದಾರೆ ಅನ್ನೋದು ಟವರ್‌ಗೆ ಗೊತ್ತಾಗುತ್ತೆ, ಏರಿಳಿತದ ವೇಗ ನೋಡಿದ್ರೆ ಸಾಕು.

— ಹೆಜ್ಜೆ ಹಾಕಿಸೋ ಈ ಅನುಕೂಲ ಸ್ಟ್ಯಾಂಡರ್ಡಲ್ಲಿ ಇದೆಯಾ, ಇಲ್ಲ ನಿನ್ನ ಕಲ್ಪನೆಯಾ?

— ಮೊದಲಿಂದಲೂ ಇದೆ. ಬೇಕಾಗಿರೋದು ಜಾಗ. ಬಹುಪಾಲು ಸ್ಲಾಟ್ ಟವರ್‌ನಿಂದ ಫೋನಿಗೆ ಹೋಗೋ ಡೇಟಾಗೆ ಮೀಸಲು. ಫೋನಿಂದ ಬರೋದಕ್ಕೆ ಉಳಿಯೋ ಸ್ವಲ್ಪದರಲ್ಲಿ ಸೌಂಡಿಂಗಿಗೆ ಸಿಗೋದು ಕೆಲವೇ ಸಿಂಬಲ್, ಅಂದ್ರೆ ಸ್ಲಾಟಿನ ಚೂರುಗಳು. ಅವನ್ನ ಹತ್ತಿರದೋರಿಗೆ ಕೊಟ್ಟರೆ ಒಟ್ಟು ಮೊತ್ತ ಬೇಗ ಏರುತ್ತೆ, ಡೆಮೋದಲ್ಲಿ ಚೆನ್ನಾಗಿ ಕಾಣುತ್ತೆ. ಅಂಚಿನೋರಿಗೆ ಒಂದು ಪಾಲು ಕಡ್ಡಾಯವಾಗಿ ಎತ್ತಿಡಬೇಕು ಅನ್ನೋದು ನನ್ನ ವಾದ. ಸರದಿಗೆ ಪ್ರೊಪೋರ್ಷನಲ್ ಫೇರ್ ಇದ್ದ ಹಾಗೆ ಅಳತೆಗೂ ಒಂದು ಛೇದ ಬೇಕು: ಈ ಫೋನನ್ನ ಸರಿಯಾಗಿ ಅಳೆದು ಎಷ್ಟು ಹೊತ್ತಾಯ್ತು ಅನ್ನೋದು.

— ಅದಕ್ಕೆ ಒಟ್ಟು ಮೊತ್ತದಲ್ಲಿ ಎಷ್ಟು ಕಳ್ಕೊಳ್ತೀರಿ?

— ಜನ ಎಲ್ಲೆಲ್ಲಿ ಕೂತಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ. ಅಂಚಲ್ಲಿ ಇಬ್ಬರೇ ಇದ್ರೆ ಸಿಂಬಲ್ ಹೋಗಿದ್ದಷ್ಟೇ ಬಂತು. ಹತ್ತಿಪ್ಪತ್ತು ಜನ ಬೇರೆ ಬೇರೆ ದಿಕ್ಕಲ್ಲಿ ಚದುರಿ ಕೂತಿದ್ರೆ ಕಳ್ಕೊಳ್ಳೋದರ ಬದಲು ಪಡ್ಕೊಳ್ಳೋದೂ ಉಂಟು. ಒಂಟಿ ಸರದಿಗಳಲ್ಲಿ ಒಬ್ಬೊಬ್ಬರೇ ತಿಂತಿದ್ದ ಸ್ಲಾಟುಗಳು ಆಗ ಮೂರು ನಾಲ್ಕು ಜನಕ್ಕೆ ಒಟ್ಟಿಗೆ ಸಾಲುತ್ತವೆ. ಹಳ್ಳಿ ಕಡೆ ಮನೆಗಳು ಚದುರಿರೋದರಿಂದ ಅಲ್ಲಿ ದಿಕ್ಕುಗಳು ಖಾಲಿ ಬಿದ್ದಿವೆ, ಚಿಕ್ಕಪ್ಪ. ಅಳತೆ ಸಿಕ್ಕಿದ್ರೆ ಪರಿಷೆ ರಸ್ತೆಯೋರಿಗಿಂತ ಅವರನ್ನ ಒಟ್ಟಿಗೆ ಕೂರಿಸೋದು ಸುಲಭ.